ಸೀಮಂತಿನಿಯ ಕೇಶರಕ್ಷಣೆ

ಸಂಸ್ಕೃತ ವ್ಯಾಕರಣದಲ್ಲಿ ಒಂದು ಸಣ್ಣ ವಿಶೇಷವುಂಟು. ‘ಸೀಮ’ ಶಬ್ದಕ್ಕೆ ‘ಅಂತ’ ಶಬ್ದವು ಸೇರಿದರೆ ಸವರ್ಣದೀರ್ಘಸಂಧಿಯ ಪ್ರಕಾರ ‘ಸೀಮಾಂತ’ವೆಂದಾಗಬೇಕು. ಊರಿನ ಗಡಿ, ನಾಡಿನ ಎಲ್ಲೆ ಎಂಬರ್ಥದಲ್ಲಿ ಹಾಗೆಯೇ ಆಗುವುದು. ಆದರೆ ಕೇಶಪಾಶವನ್ನು ಎರಡಾಗಿ ಬಿಡಿಸುವ ಬೈತಲೆಯ ವಿಷಯ ಬಂದಾಗ ಮಾತ್ರ ವೈಯಾಕರಣರು ತಮ್ಮ ನಿಯಮವನ್ನು ಸಡಿಲಿಸಿ ‘ಸೀಮಂತ’ವೆಂದು ಹ್ರಸ್ವವಾಗಿಯೇ ಇರಲೆಂದು ವಿಧಿಸಿದರು. ಬೈತಲೆಯುಳ್ಳವಳಾದುದರಿಂದ ಸ್ತ್ರೀಗೆ ‘ಸೀಮಂತಿನೀ’ ಎಂಬ ಹೆಸರೂ ಅಮರಕೋಶದಲ್ಲಿರುವುದು. ಮೂವತ್ತು ವರ್ಷ ಪಾಠಶಾಲೆಯಲ್ಲಿ ಈ ಮಾತನ್ನು ಹೇಳುವಾಗಲೆಲ್ಲ ಹಿಂದಿನ ಬೆಂಚಿನಿಂದ ನಗೆ ಕೇಳಿಬರುತ್ತಿತ್ತು. ಹೆಂಗಸರ ಕೂದಲಿಗಾಗಿ ಪಾಣಿನಿಯ ಸೂತ್ರವೇ ಬಗ್ಗಿತೆಂದರೆ ಹುಡುಗರಿಗೆ ನಗು ಬಾರದಿರುವುದೆಂತು?

ನಾವು ಈಗ ಸೀಮಂತವೆಂದರೆ ಹಸಿರು ಬಳೆ, ಚಿತ್ರಾನ್ನ, ಹೋಳಿಗೆ, ಮೊಗ್ಗಿನ ಜಡೆ, ಛಾಯಾಚಿತ್ರ ಎಂದು ತಿಳಿದಿರುವೆವು. ಮೂಲದಲ್ಲಿ ಅದು ಗರ್ಭಿಣಿಯ ತಲೆ ಬಾಚುವ ಕರ್ಮವೆಂಬುದು ಮರೆತುಹೋದಂತಿದೆ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಗರ್ಭದ 4ನೆಯ ತಿಂಗಳಿನಲ್ಲಿ ಇದನ್ನು ಮಾಡಬೇಕೆಂದಿದೆ. ಪಾರಸ್ಕರನು 6 ಅಥವಾ 8ನೆಯ ತಿಂಗಳೆಂದಿರುವನು. ಎಳೆಯ ಕಾಯಿಗಳ ಗೊಂಚಲು, ಮೂರೆಡೆ ಬಿಳುಪಿರುವ ಮುಳ್ಳುಹಂದಿಯ ಮುಳ್ಳು, ದರ್ಭೆಯ ಮೂರು ಕಟ್ಟು, ಇವನ್ನು ಹಿಡಿದು ಪತಿಯು ತನ್ನ ಕೈಯಾರೆ ಪತ್ನಿಯ ಕೂದಲನ್ನು ಹಣೆಯಿಂದ ಮೇಲಕ್ಕೆ ಬಿಡಿಸಬೇಕು. ಬಳಿಕ ವೀಣೆ ನುಡಿಸುವವರು ಸೋಮರಾಜನನ್ನು ಹಾಡಬೇಕು. ನಮ್ಮ ಪುರೋಹಿತರಲ್ಲಿ ಅವರ ಅಜ್ಜನ ಕಾಲದ ಮುಳ್ಳೊಂದು ಬೆಳ್ಳಿಯ ಭರಣಿಯಲ್ಲಿ ಈಗಲೂ ಇದೆ. ಕಾಫಿ ತೋಟದಲ್ಲಿ ಮುಳ್ಳುಹಂದಿಗಳು ಇರುತ್ತವೆಯಾದರೂ 1972ರ ಶಾಸನದ ಪ್ರಕಾರ ಅವು ರಕ್ಷಿತ ಪ್ರಾಣಿಗಳಾದುದರಿಂದ ಹೊಸ ಮುಳ್ಳನ್ನು ಅರಸುವ ಗೊಡವೆಗೆ ಅವರು ಹೋಗುವುದಿಲ್ಲ.

ಅದೇ ಸೂತ್ರದಲ್ಲಿ ಇನ್ನೊಂದು ವಿಧಿಯುಂಟು. ಪತಿಯೂ ಮಕ್ಕಳೂ ಬದುಕಿರುವ ವೃದ್ಧ ಸ್ತ್ರೀಯರು ಏನೇನನ್ನು ಉಪದೇಶಿಸುವರೋ ಅದನ್ನೆಲ್ಲ ಮಾಡತಕ್ಕದ್ದು ಎಂದು. ಋಷಿಯು ಮಂತ್ರ ತಂತ್ರಗಳನ್ನೆಲ್ಲ ಹೇಳಿ ಮುಗಿಸಿ, ಉಳಿದುದನ್ನು ಮುದುಕಿಯರಿಗೆ ಬಿಟ್ಟಿರುವನು. ಆ ವಿಧಿಯನ್ನು ಈ ಕಾಲದಲ್ಲಿ ಎಷ್ಟರ ಮಟ್ಟಿಗೆ ಪಾಲಿಸಬಹುದೆಂಬ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಯಲ್ಲಿ ಎದ್ದಿತು. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ.

ನನ್ನ ಮಗಳು ಚೊಚ್ಚಲ ಹೆರಿಗೆಗಾಗಿ ಜ್ಯೇಷ್ಠಮಾಸದಲ್ಲಿ ಬೆಂಗಳೂರಿನಿಂದ ಸಿದ್ದಾಪುರಕ್ಕೆ ಬಂದಳು. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ಗೃಹಿಣಿಯಿಲ್ಲದ ಮನೆ ನಮ್ಮದು. ಬಾಣಂತನಕ್ಕೆಂದು ಘಟ್ಟದ ಕೆಳಗಿನ ಸುಳ್ಯದಿಂದ ನನ್ನ ಅಕ್ಕನವರನ್ನು ಕರೆಸಿಕೊಂಡೆನು. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಹತ್ತು ಹದಿನೈದು ಬಾಣಂತನಗಳನ್ನು ಮಾಡಿದ ಕೈ. ಬಂದ ದಿನವೇ ಮಗಳ ತಲೆ ನೋಡಿ, “ಇದೇನು ಮಗಳೇ, ಕೂದಲು ತಾಮ್ರದ ತಂಬಿಗೆಯ ಬಣ್ಣವಾಗಿದೆ!” ಎಂದರು. “ಬಣ್ಣ ಹಚ್ಚಿಸಿದ್ದೆ ಅತ್ತೆ, ಮದುವೆಯ ವಾರ್ಷಿಕೋತ್ಸವಕ್ಕೆ” ಎಂದಳು ಮಗಳು. “ಹೊಟ್ಟೆಯಲ್ಲಿ ಕೂಸಿರುವಾಗಲೇ?” “ಇರಲಿಲ್ಲ, ಇತ್ತೋ ಏನೋ, ಗೊತ್ತಿರಲಿಲ್ಲ.” ಅಕ್ಕ ಮತ್ತೇನೂ ಹೇಳದೆ ಒಳಗೆ ಹೋದರು. ಆದರೆ ಆ ರಾತ್ರಿ ಮಗಳು ನಿದ್ರಿಸಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ, “ಅಪ್ಪಾ, ಮಗುವಿಗೆ ಏನಾದರೂ ಆಗಿರಬಹುದೇ?” ಎಂದು ಕೇಳಿದಳು. ಕಣ್ಣು ಕೆಂಪಾಗಿತ್ತು. ಆಸ್ಪತ್ರೆಯ ವೈದ್ಯರನ್ನು ಕೇಳಿದೆನು. ಮಗಳ ಸ್ನೇಹಿತೆಯೊಬ್ಬಳು ಪ್ರಸೂತಿತಜ್ಞೆ, ಅವಳನ್ನೂ ಕೇಳಿಸಿದೆನು. ತಿಳಿದವರು ಬರೆದುದನ್ನು ಓದಿದೆನು. ಅದರಿಂದ ತಿಳಿದುದನ್ನು ವಾಚಕರ ಮುಂದಿಡುತ್ತಿರುವೆನು. ಗಂಡಸಿಗೆ ಇದರ ಗೊಡವೆ ಏಕೆಂದು ಕೇಳುವವರು ಮುಳ್ಳುಹಂದಿಯ ಮುಳ್ಳನ್ನು ಸೂತ್ರಕಾರನು ಯಾರ ಕೈಗೆ ಕೊಟ್ಟನೆಂಬುದನ್ನು ನೆನೆಯಲಿ.

ಬಣ್ಣದ ವಿಷಯವನ್ನೇ ಮೊದಲು ಹೇಳುವೆನು. ಕೂದಲೆಂಬುದು ಚರ್ಮದಿಂದ ಹೊರಬಂದ ಮೇಲೆ ನಿರ್ಜೀವವಾದ ಎಳೆ. ಅದಕ್ಕೆ ಹಚ್ಚಿದುದು ರಕ್ತಕ್ಕೆ ಹೋಗುವ ಮಾರ್ಗವೇ ಇಲ್ಲ. ಬುಡದ ಚರ್ಮಕ್ಕೆ ತಾಗಿದ ಅಂಶದಲ್ಲಿ ಅತ್ಯಲ್ಪ ಭಾಗ ಮಾತ್ರ ಒಳಗಿಳಿಯುವುದು. ಹೀಗಾಗಿ, ಎಂದೋ ಒಮ್ಮೆ ಬಣ್ಣ ಹಚ್ಚಿಸಿಕೊಂಡುದರಿಂದ ಶಿಶುವಿಗೆ ಕೇಡಾಗುವ ಸಂಭವ ತೀರ ಕಡಿಮೆಯೆಂಬುದೇ ಈಗಿನ ವೈದ್ಯರ ಅಭಿಪ್ರಾಯ. ಆದಾಗ್ಯೂ ಶಿಶುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ 12 ವಾರಗಳಲ್ಲಿ ಸುಮ್ಮನಿದ್ದು, ಆ ಮೇಲೆ ಬೇಕಾದರೆ ಹಚ್ಚಿಕೊಳ್ಳಬಹುದೆಂದು ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯವರು ಸೂಚಿಸಿರುವರು. ಹಚ್ಚುವಾಗ ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಹೇಳಿದ ಹೊತ್ತಿಗಿಂತ ಒಂದು ನಿಮಿಷವೂ ಹೆಚ್ಚು ಬಿಡಬಾರದು, ತಲೆಯ ಚರ್ಮವನ್ನು ಚೆನ್ನಾಗಿ ತೊಳೆಯಬೇಕು. ಸಾಧ್ಯವಾದರೆ ಬುಡಕ್ಕೆ ತಾಗದಂತೆ ಎಳೆಗಳಿಗೆ ಮಾತ್ರ ಹಚ್ಚಬೇಕು. ಗರ್ಭಕಾಲದಲ್ಲಿ ಚರ್ಮದ ಸ್ವಭಾವವು ಬದಲಾಗುವುದರಿಂದ ಹಿಂದೆ ಒಗ್ಗಿದ್ದ ಬಣ್ಣವೇ ಈಗ ಒಗ್ಗದೆ ಹೋಗಬಹುದು. ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾದು ನೋಡುವುದು ಒಳ್ಳೆಯದು. ಈ ಮಾತುಗಳನ್ನು ವೈದ್ಯರ ಬಾಯಿಂದ ಕೇಳಿದ ರಾತ್ರಿ ಮಗಳು ನಿದ್ರಿಸಿದಳು. ಅಕ್ಕ ಮಾತ್ರ, “ಡಾಕ್ಟರರು ಹೇಳಿದರೆ ಸರಿ, ಆದರೂ ತಾಮ್ರದ ಬಣ್ಣ ಚೆಂದವಿಲ್ಲ” ಎಂದರು. ಅದಕ್ಕೆ ಉತ್ತರವಿರಲಿಲ್ಲ.

ಬಣ್ಣಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಮದರಂಗಿಯೆಂಬ ಹೆಸರಿನಲ್ಲಿ ಬರುವ ಕಪ್ಪು ಪುಡಿಯ ವಿಷಯದಲ್ಲಿ. ಮದರಂಗಿಯ ಎಲೆ ಕೊಡುವುದು ಕೆಂಬಣ್ಣವನ್ನೇ ಹೊರತು ಕಪ್ಪನ್ನಲ್ಲ. ಹಿತ್ತಿಲ ಗಿಡದ ಎಲೆಯನ್ನು ಅರೆದು ಹಚ್ಚಿದರೆ ಬಾಧಕವಿಲ್ಲ. ಅಂಗಡಿಯಲ್ಲಿ ಸಿಗುವ ‘ಕಪ್ಪು ಮದರಂಗಿ’ ಅರ್ಧ ಗಂಟೆಯಲ್ಲಿ ಕೂದಲನ್ನು ಇದ್ದಿಲಿನಂತೆ ಮಾಡುವುದಾದರೆ ಅದರಲ್ಲಿ ಪ್ಯಾರಾಫಿನೈಲೀನ್ ಡೈಅಮೈನ್ ಎಂಬ ರಾಸಾಯನಿಕವು ಬೆರೆತಿದೆಯೆಂದೇ ತಿಳಿಯತಕ್ಕದ್ದು. ಕೆಲವರಿಗೆ ಇದರಿಂದ ಮುಖ ಊದಿ, ಚರ್ಮ ಬೊಬ್ಬೆಯೆದ್ದು, ಉಸಿರಾಟಕ್ಕೂ ತೊಂದರೆಯಾಗುವುದು. ‘ಗಿಡಮೂಲಿಕೆ’ ಎಂಬ ಮಾತು ಪೊಟ್ಟಣದ ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುವುದು. ರಾಸಾಯನಿಕದ ಹೆಸರು ಹಿಂಭಾಗದಲ್ಲಿ ಸಾಸಿವೆಯಂಥ ಅಕ್ಷರದಲ್ಲಿರುವುದು. ಕನ್ನಡಕ ಹಾಕಿಕೊಂಡು ಹಿಂಭಾಗವನ್ನು ಓದುವುದು ಮನೆಯ ಯಜಮಾನನಿಗೆ ತಕ್ಕ ಕೆಲಸ.

ಕೂದಲನ್ನು ನೇರ ಮಾಡಿಸುವ ಪದ್ಧತಿಯೊಂದು ಈಗ ಪಟ್ಟಣಗಳಿಂದ ನಮ್ಮಂಥ ಊರುಗಳ ಬ್ಯೂಟಿ ಪಾರ್ಲರಿಗೂ ಬಂದಿದೆ. ಲೇಪವನ್ನು ಹಚ್ಚಿ ಕಾದ ಕಬ್ಬಿಣದಿಂದ ಒತ್ತುವರು. ಇಂತಹ ಲೇಪಗಳಲ್ಲಿ ಹಲವು, ಕಾದೊಡನೆಯೇ ಫಾರ್ಮಾಲ್ಡಿಹೈಡ್ ಎಂಬ ವಿಷದ ಆವಿಯನ್ನು ಬಿಡುತ್ತವೆ. ಪ್ರಯೋಗಶಾಲೆಯಲ್ಲಿ ಕಪ್ಪೆಯನ್ನು ಸೀಸೆಯಲ್ಲಿಡುವ ದ್ರವದ್ದೇ ಕುಟುಂಬದ್ದು. ಅದು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಸಂಶೋಧಕರು ನಿರ್ಣಯಿಸಿ ಇಪ್ಪತ್ತು ವರ್ಷವಾಯಿತು. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಲೇಪಗಳಿಂದ ಕೆಲವರ ಮೂತ್ರಪಿಂಡಗಳು ಒಮ್ಮೆಲೆ ಕೆಟ್ಟುದನ್ನು ಇಸ್ರೇಲಿನ ವೈದ್ಯರು 2023ರಲ್ಲಿಯೂ ಫ್ರಾನ್ಸಿನ ವೈದ್ಯರು 2024ರಲ್ಲಿಯೂ ವರದಿ ಮಾಡಿರುವರು. ಗರ್ಭಿಣಿಯು ಇದರ ಹತ್ತಿರ ಸುಳಿಯದಿರುವುದೇ ಲೇಸು. ಪಾರ್ಲರಿನಲ್ಲಿ ದುಡಿಯುವ ಹುಡುಗಿಯೇ ಗರ್ಭಿಣಿಯಾಗಿದ್ದರೆ ಅವಳ ಸಂಗತಿ ಇನ್ನೂ ಗಂಭೀರ. ಎಂದೋ ಒಮ್ಮೆ ಬರುವವಳು ಒಂದು ಗಂಟೆ ಉಸಿರಾಡುವುದನ್ನು ಅವಳು ದಿನವೂ ಉಸಿರಾಡುವಳು. ಮತ್ತೊಂದು ಮಾತು: ತುಂಬು ತಿಂಗಳಲ್ಲಿ ಪಾರ್ಲರಿನ ಬೇಸಿನ್ನಿಗೆ ತಲೆಯಿಟ್ಟು ಅಂಗಾತ ಮಲಗಿದರೆ ಗರ್ಭದ ಭಾರವು ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುವುದುಂಟು. ಕುಳಿತುಕೊಂಡು ಮುಂದಕ್ಕೆ ಬಾಗಿ ತೊಳೆಸಿಕೊಳ್ಳಬಹುದು.

ಇನ್ನು ಅಭ್ಯಂಜನ. ಸೀಗೆಕಾಯಿ, ಅಂಟುವಾಳ, ದಾಸವಾಳದ ಎಲೆಯ ಲೋಳೆ, ಮೆಂತ್ಯದ ಹಿಟ್ಟು, ಕೊಬ್ಬರಿ ಎಣ್ಣೆ, ಹರಳೆಣ್ಣೆ, ನಮ್ಮ ತಾಯಂದಿರ ಈ ಸಂಭಾರದಲ್ಲಿ ಗರ್ಭಿಣಿಯ ತಲೆಗೆ ಹಚ್ಚಬಾರದ್ದು ಒಂದೂ ಇಲ್ಲ. ಆದರೆ ತಲೆಗೆ ಹಚ್ಚುವುದು ಬೇರೆ, ಹೊಟ್ಟೆಗೆ ತೆಗೆದುಕೊಳ್ಳುವುದು ಬೇರೆ ಎಂಬ ವಿವೇಕವಿರಬೇಕು. ಹರಳೆಣ್ಣೆಯನ್ನು ಕುಡಿದರೆ ಗರ್ಭಾಶಯವು ಸಂಕೋಚಗೊಳ್ಳುವುದು. ಮೆಂತ್ಯವನ್ನು ಅಡುಗೆಯ ಒಗ್ಗರಣೆಯಲ್ಲಿ ತಿನ್ನುವುದು ಸರಿ, ‘ಕೂದಲು ಬೆಳೆಯುತ್ತದೆ’ ಎಂದು ಹಿಡಿಹಿಡಿಯಾಗಿ ನುಂಗುವುದು ಸರಿಯಲ್ಲ. ಕರ್ಪೂರ ಬೆರೆಸಿದ ಎಣ್ಣೆಯೂ ಬೇಡ. ಕರ್ಪೂರವು ತಾಯಿಯಿಂದ ಶಿಶುವಿಗೆ ದಾಟುವ ವಸ್ತು.

ಸ್ನಾನದಲ್ಲಿ ಅಪಾಯವಿರುವುದು ಸೀಗೆಯಲ್ಲಲ್ಲ, ಬಚ್ಚಲ ನೆಲದಲ್ಲಿ. ಎಣ್ಣೆಯೂ ದಾಸವಾಳದ ಲೋಳೆಯೂ ಸೇರಿದ ಕಲ್ಲುಹಾಸು ಗಟ್ಟಿಮುಟ್ಟಾದ ಆಳನ್ನೂ ಕೆಡಹುವುದು. ಎಂಟು ತಿಂಗಳ ಗರ್ಭಿಣಿಗೆ ತನ್ನ ಪಾದವೇ ಕಾಣದು. ನಮ್ಮಲ್ಲಿ ಗೋಣಿತಟ್ಟನ್ನು ಹಾಸಿ, ಕೂರುವುದಕ್ಕೆ ಅಗಲವಾದ ಮಣೆಯನ್ನಿಟ್ಟು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಕೂಡದೆಂದು ಅಕ್ಕ ಕಟ್ಟಪ್ಪಣೆ ಮಾಡಿದರು. ಹಂಡೆಯ ನೀರಿನ ಬಿಸಿಯಲ್ಲಿ ಮಾತ್ರ ಅಕ್ಕನಿಗೂ ವೈದ್ಯರಿಗೂ ಮತಭೇದವಾಯಿತು. ಬೆನ್ನು ಕೆಂಪಾಗುವಂತೆ ನೀರು ಹೊಯ್ಯಬೇಕೆಂಬುದು ಅಕ್ಕನ ಸಿದ್ಧಾಂತ. ಗರ್ಭಿಣಿಯ ಮೈಯ ಉಷ್ಣವು, ಅದರಲ್ಲಿಯೂ ಮೊದಲ ತಿಂಗಳುಗಳಲ್ಲಿ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು, ದಾಟಿದರೆ ಶಿಶುವಿನ ಮಿದುಳು ಬೆನ್ನುಹುರಿಗಳ ರಚನೆಗೆ ಕೇಡಾಗಬಹುದು ಎಂದು ವೈದ್ಯರು ಹೇಳುವರು. ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿ ಸಾಕು. ಅಕ್ಕ ಒಂದೆರಡು ದಿನ ಮುನಿಸಿಕೊಂಡು, ಬಳಿಕ ತಾವೇ ತಣ್ಣೀರು ಬೆರೆಸತೊಡಗಿದರು.

ತೊಳೆದ ತಲೆಯನ್ನು ಒಣಗಿಸುವುದಿದೆಯಲ್ಲ, ಕೊಡಗಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ಸಿದ್ದಾಪುರಕ್ಕೂ ನೆಲ್ಯಹುದಿಕೇರಿಗೂ ನಡುವೆ ಕಾವೇರಿ ಹರಿಯುತ್ತಾಳೆ. 2018 ಮತ್ತು 2019ರ ಆಗಸ್ಟಿನಲ್ಲಿ ಅವಳು ಕರಡಿಗೋಡು, ಗುಹ್ಯಗಳ ಮನೆಗಳೊಳಗೇ ನುಗ್ಗಿದಳು. ಅಂತಹ ಪ್ರವಾಹವಿಲ್ಲದ ವರ್ಷದಲ್ಲಿಯೂ ಕಕ್ಕಡ ತಿಂಗಳೆಂದರೆ ಬಟ್ಟೆ ಒಣಗದು, ಸೌದೆ ಒಣಗದು, ಹೆಂಗಸರ ಕೂದಲೂ ಒಣಗದು. ಆದುದರಿಂದ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡವಿಟ್ಟು, ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ, ಕೂದಲನ್ನು ಅದರ ಮೇಲೆ ಹರಡುವ ರೂಢಿ ಹಿಂದಿನಿಂದ ಬಂದಿದೆ. ಪರಿಮಳವೇನೋ ಸ್ವರ್ಗೀಯ! ಆದರೆ ಚಳಿಗಾಳಿ ತಾಗೀತೆಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಬಿಡುವರು. ಅಲ್ಲಿಯೇ ಮೃತ್ಯುವು ಕುಳಿತಿರುವುದು.

ನಮ್ಮ ಬೀದಿಯಲ್ಲಿಯೇ, ನಾಲ್ಕು ಮಳೆಗಾಲಗಳ ಹಿಂದೆ, ಒಬ್ಬ ಸೊಸೆ ಹೀಗೆ ತಲೆ ಒಣಗಿಸಲು ಕುಳಿತವಳು ಎದ್ದು ಬಾರದಿರಲು, ಅತ್ತೆ ಹೋಗಿ ನೋಡಿದರೆ ಗೋಡೆಗೆ ಒರಗಿ ಬಿದ್ದಿದ್ದಳು. ಆರು ತಿಂಗಳ ಗರ್ಭಿಣಿ. ಹೊರಗೆ ಎಳೆದು ತಂದು ಮಳೆಯಲ್ಲಿಯೇ ಜಗಲಿಯ ಮೇಲೆ ಮಲಗಿಸಿದರು. ರಸ್ತೆಯಲ್ಲಿ ಕಾಡಾನೆಗಳು ನಿಂತಿದ್ದುದರಿಂದ ಜೀಪು ಮುಕ್ಕಾಲು ಗಂಟೆ ತಡೆಯಿತು. ತಾಯಿ ಬದುಕಿದಳು. ಶಿಶುವು ಉಳಿಯಲಿಲ್ಲ. ಆ ಮನೆಯವರು ಈಗಲೂ ದೃಷ್ಟಿದೋಷವೆಂದೇ ಹೇಳುವರು. ನಾನು ಅವರೊಡನೆ ವಾದಿಸಲಿಲ್ಲ. ಆದರೆ ವಾಚಕರಿಗೆ ಹೇಳಲೇಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಂಬ್ರಾಣಿಯ ಪರಿಮಳದ ನಡುವೆ ಅದರ ಸುಳಿವೇ ಸಿಕ್ಕದು. ರಕ್ತದಲ್ಲಿ ಪ್ರಾಣವಾಯುವು ಕುಳಿತುಕೊಳ್ಳಬೇಕಾದ ಜಾಗವನ್ನು ಅದು ಆಕ್ರಮಿಸುವುದು. ಗರ್ಭಸ್ಥ ಶಿಶುವಿನ ರಕ್ತವು ತಾಯಿಯ ರಕ್ತಕ್ಕಿಂತಲೂ ಅದನ್ನು ಹೆಚ್ಚು ಹಿಡಿದುಕೊಂಡು, ಹೆಚ್ಚು ನಿಧಾನವಾಗಿ ಬಿಡುವುದು. ಹೀಗಾಗಿ ತಾಯಿಗೆ ಬರೀ ತಲೆನೋವು ಎನಿಸುವಾಗಲೇ ಶಿಶುವು ಉಸಿರಿಲ್ಲದೆ ತತ್ತರಿಸುತ್ತಿರಬಹುದು. ಧೂಪದ ಬಳಿ ಕುಳಿತ ಗರ್ಭಿಣಿಗಾಗಲಿ ಬಾಣಂತಿಗಾಗಲಿ ತಲೆನೋವು, ವಾಂತಿ, ಮಂಪರು ಬಂದರೆ ಒಡನೆಯೇ ಹೊರಗೆ ಕರೆತಂದು ಆಸ್ಪತ್ರೆಗೆ ಒಯ್ಯತಕ್ಕದ್ದು. ತಾಯಿ ಚೇತರಿಸಿಕೊಂಡಳೆಂದು ಸುಮ್ಮನಿರಕೂಡದು. ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರದಿರುವುದೇ ಸರ್ವೋತ್ತಮ. ನಮ್ಮಲ್ಲಿ ಒಣ ಪಂಚೆಯಿಂದ ಒರಸಿ, ವಿದ್ಯುತ್ತಿರುವಾಗ ಬಿಸಿಗಾಳಿಯ ಯಂತ್ರವನ್ನು ಹಿಡಿದು ಮುಗಿಸಿದೆವು. ಆ ಯಂತ್ರದಿಂದ ಗರ್ಭಕ್ಕೆ ಬಾಧೆಯಿಲ್ಲ. ಮಳೆಗಾಲದಲ್ಲಿ ಕೂದಲನ್ನು ಒಂದು ಗೇಣು ಕತ್ತರಿಸಿದರೆ ಇನ್ನೂ ಸುಲಭವೆಂದು ಮಗಳು ಹೇಳಿದಾಗ ಅಕ್ಕ ಕಿವಿ ಮುಚ್ಚಿಕೊಂಡರು. ಗರ್ಭಿಣಿಯು ಕೂದಲು ಕತ್ತರಿಸಿದರೆ ಶಿಶುವಿಗೆ ಕೇಡೆಂಬುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಅಕ್ಕನಿಗಾಗಿ ಮಗಳು ಆ ಆಸೆಯನ್ನು ಬಿಟ್ಟಳು.

ಶಾಸ್ತ್ರವು ಕ್ಷೌರವನ್ನು ನಿಷೇಧಿಸಿರುವುದು ಗರ್ಭಿಣಿಗಲ್ಲ, ಗರ್ಭಿಣಿಯ ಪತಿಗೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆನು. ಆ ನಿಯಮವನ್ನು ನನ್ನ ಅಳಿಯನಾಗಲಿ ನಾನು ಬಲ್ಲ ಇತರ ಗಂಡಂದಿರಾಗಲಿ ಒಂದು ವಾರವೂ ಪಾಲಿಸಿದುದನ್ನು ಕಾಣೆನು. ಹೆಂಗಸರ ಮೇಲಿನ ನಿಯಮಗಳು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿವೆ. ಪತಿಯ ತಲೆಯಿಂದ ಪತ್ನಿಗೆ ಬರಬಹುದಾದ ನಿಜವಾದ ಅಪಾಯವೊಂದು ಈ ಕಾಲದಲ್ಲಿ ಉಂಟು. ಬೋಳುತನಕ್ಕೆಂದು ಗಂಡಸರು ಸೇವಿಸುವ ಫಿನಾಸ್ಟೆರೈಡ್ ಮಾತ್ರೆಯ ಪುಡಿಯನ್ನು ಗರ್ಭಿಣಿಯು ಮುಟ್ಟಬಾರದು. ಗಂಡು ಶಿಶುವಿನ ಜನನಾಂಗದ ಬೆಳವಣಿಗೆಗೆ ಅದು ಅಡ್ಡಿ. ಮಿನಾಕ್ಸಿಡಿಲ್ ಎಂಬ ಕೂದಲು ಬೆಳೆಸುವ ದ್ರವವನ್ನೂ ಗರ್ಭಿಣಿಯರು ಹಚ್ಚಕೂಡದು.

ಬೈತಲೆಯ ಕುಂಕುಮದ ವಿಷಯ ಅಕ್ಕನಿಗೆ ಹೇಳುವುದು ಬಲು ಕಷ್ಟವಾಯಿತು. ನಮ್ಮ ಅಜ್ಜಿಯರ ಕುಂಕುಮವು ಅರಿಶಿನವನ್ನು ನಿಂಬೆರಸ, ಬಿಳಿಗಾರ, ಸುಣ್ಣ ಮೊದಲಾದವುಗಳಿಂದ ಕೆಂಪಾಗಿಸಿದ್ದು. ಈಗ ಪೊಟ್ಟಣದಲ್ಲಿ ಬರುವ ಕಡುಗೆಂಪು ಸಿಂಧೂರವು ಅದಲ್ಲ. 2017ರಲ್ಲಿ ಅಮೆರಿಕಾದ ನ್ಯೂಜೆರ್ಸಿಯ ಸಂಶೋಧಕರು ಅಲ್ಲಿಯೂ ಭಾರತದಲ್ಲಿಯೂ ಕೊಂಡ ಸಿಂಧೂರವನ್ನು ಪರೀಕ್ಷಿಸಿದರು. ಎರಡೂ ಕಡೆಯ ಮಾದರಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವುಗಳಲ್ಲಿ ಸೀಸ ಕಂಡಿತು. ಕೆಲವುಗಳಲ್ಲಿ ಬಹಳವೇ ಇತ್ತು. ಬೈತಲೆಗೆ ತುಂಬಿದ ಪುಡಿಯು ಬೆರಳಿಗೆ ಬಂದು, ಬೆರಳಿನಿಂದ ಅನ್ನಕ್ಕೆ ಬರುವುದು. ಸೀಸವು ಗರ್ಭವನ್ನು ದಾಟಿ ಶಿಶುವಿನ ಮಿದುಳನ್ನು ಕೆಡಿಸುವುದು. ಇಷ್ಟಿದ್ದರೆ ಬಾಧೆಯಿಲ್ಲವೆನ್ನುವ ಪ್ರಮಾಣವೇ ಅದಕ್ಕಿಲ್ಲ. ಅಕ್ಕ ಎಲ್ಲವನ್ನೂ ಕೇಳಿ, ಒಂದು ಗಳಿಗೆ ಸುಮ್ಮನಿದ್ದು, “ತಮ್ಮಾ, ಅಮ್ಮ ಮಾಡುತ್ತಿದ್ದ ಹಾಗೆ ಮನೆಯಲ್ಲಿಯೇ ಮಾಡಿದರಾಯಿತು” ಎಂದರು. ಸೀಮಂತಕ್ಕೆ ಆ ಕುಂಕುಮವನ್ನೇ ಇಟ್ಟರು. ಬಣ್ಣ ತುಸು ಮಂಕಾಗಿತ್ತು, ನಿಜ.

ಹೇನಿನ ಮಾತನ್ನು ಬರೆಯಲು ಸಂಕೋಚಪಡುವವರಿರುವರು. ತೋಟದ ಲೈನುಗಳಲ್ಲಿಯೂ ಶಾಲೆಗಳಲ್ಲಿಯೂ ಅದಿಲ್ಲವೆಂದು ನಟಿಸುವುದರಿಂದ ಪ್ರಯೋಜನವಿಲ್ಲ. ತಲೆಗೆ ಸೀಮೆಎಣ್ಣೆ ಸುರಿಯುವ ರೂಢಿ ಇನ್ನೂ ಅಲ್ಲಲ್ಲಿ ಉಂಟು. ಒಲೆಯ ಮುಂದೆ ಕುಳಿತುಕೊಳ್ಳುವ ಹೆಂಗಸಿನ ತಲೆಗೆ ಸೀಮೆಎಣ್ಣೆಯೇ! ಸೀತಾಫಲದ ಬೀಜವನ್ನು ಅರೆದು ಹಚ್ಚುವವರೂ ಇರುವರು. ಅದರ ರಸವು ಕಣ್ಣಿಗಿಳಿದು ಪಾಪೆಯ ಮೇಲಿನ ಪೊರೆ ಸುಟ್ಟಂತಾದ ನಿದರ್ಶನಗಳನ್ನು ನಮ್ಮ ದೇಶದ ನೇತ್ರವೈದ್ಯರೇ ಬರೆದಿಟ್ಟಿರುವರು. ಮತ್ತೊಂದು ಆಶ್ಚರ್ಯವನ್ನು ಕೇಳಿರಿ. ನಮ್ಮ ಕಾಫಿ ಗಿಡಗಳ ಬಿಳಿ ಕಾಂಡಕೊರಕಕ್ಕೆ ಹಿಂದೆ ಲಿಂಡೇನ್ ಎಂಬ ವಿಷವನ್ನು ಬಳಿಯುತ್ತಿದ್ದರಷ್ಟೆ. ಹೇನಿಗೆಂದು ತಲೆಗೆ ಹಚ್ಚುವ ದ್ರವವಾಗಿಯೂ ಔಷಧದಂಗಡಿಗಳಲ್ಲಿ ಸಿಕ್ಕುತ್ತಿದ್ದುದು ಅದೇ ಲಿಂಡೇನ್. ತೋಟಗಳಲ್ಲಿ ಅದರ ಬಳಕೆಯು 2013ರಿಂದ ನಮ್ಮ ದೇಶದಲ್ಲಿ ನಿಷಿದ್ಧ. ಗಿಡಕ್ಕೇ ಸಲ್ಲದ್ದು ಗರ್ಭಿಣಿಯ ತಲೆಗೆ ಸಲ್ಲುವುದೆಂತು? ಒದ್ದೆಗೂದಲಿಗೆ ಎಣ್ಣೆ ಸವರಿ, ಹೇನುಹಣಿಗೆಯಿಂದ ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ ತಾಳ್ಮೆಯಿಂದ ಬಾಚುವುದೇ ನಿರಪಾಯವಾದ ಮಾರ್ಗ. ಅದರಿಂದ ಹೋಗದಿದ್ದರೆ ನೂರಕ್ಕೆ ಒಂದರ ಪರ್ಮೆಥ್ರಿನ್ ದ್ರವವನ್ನು ವೈದ್ಯರನ್ನು ಕೇಳಿ ಹಚ್ಚಬಹುದು.

ಇಷ್ಟನ್ನೆಲ್ಲ ನೋಡಿದರೆ ಮುದುಕಿಯರ ಮಾತೆಲ್ಲ ಮೂಢನಂಬಿಕೆಯೆಂದು ಯಾರಿಗಾದರೂ ತೋರೀತು. ಅದಕ್ಕೊಂದು ಕಥೆಯನ್ನು ಹೇಳುವೆನು. ಎಂಟನೆಯ ತಿಂಗಳಲ್ಲಿ ಮಗಳಿಗೆ ವಿಪರೀತ ಎದೆಯುರಿ ಹತ್ತಿತು. ಅಕ್ಕ ನಕ್ಕು, “ಕೂಸಿಗೆ ತಲೆ ತುಂಬ ಕೂದಲು” ಎಂದರು. ಈ ನಂಬಿಕೆ ಬಹು ಪ್ರಾಚೀನವಾದುದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಏಳನೆಯ ತಿಂಗಳ ಪ್ರಕರಣದಲ್ಲಿ, ಗರ್ಭದ ಕೇಶವು ಹುಟ್ಟುವುದರಿಂದ ತಾಯಿಗೆ ಉರಿಯುಂಟಾಗುವುದೆಂದು ಸ್ತ್ರೀಯರು ಹೇಳುವರೆಂದೂ, ಭಗವಾನ್ ಆತ್ರೇಯನು ಹಾಗಲ್ಲವೆಂದು ತಳ್ಳಿಹಾಕಿದನೆಂದೂ ಇದೆ. ಗರ್ಭವು ಮೇಲಕ್ಕೊತ್ತುವುದರಿಂದ ದೋಷಗಳು ಎದೆಗೇರಿ ಉರಿ, ತುರಿಕೆಗಳಾಗುವುವೆಂದು ಅವನ ಮತ. ಎರಡು ಸಾವಿರ ವರ್ಷವಾದರೂ ಸ್ತ್ರೀಯರು ಆತ್ರೇಯನ ಮಾತನ್ನು ಒಪ್ಪದೆ ತಮ್ಮದನ್ನೇ ಹೇಳುತ್ತ ಬಂದರು. 2006ರಲ್ಲಿ ಅಮೆರಿಕಾದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿದ್ವಾಂಸರು ಇದನ್ನು ಸುಳ್ಳೆಂದು ತೋರಿಸಿಬಿಡೋಣವೆಂದು 64 ಮಂದಿ ಗರ್ಭಿಣಿಯರನ್ನು ಪರೀಕ್ಷಿಸಿದರು. ಎದೆಯುರಿ ಹೆಚ್ಚಾಗಿದ್ದ 28 ಮಂದಿಯಲ್ಲಿ 23 ಮಂದಿಯ ಶಿಶುಗಳಿಗೆ ಸಾಧಾರಣ ಅಥವಾ ಅದಕ್ಕಿಂತ ದಟ್ಟವಾದ ಕೂದಲಿತ್ತು. ಎದೆಯುರಿಯೇ ಇಲ್ಲದ 12 ಮಂದಿಯಲ್ಲಿ 10 ಮಂದಿಯ ಶಿಶುಗಳಿಗೆ ಕೂದಲು ಕಡಿಮೆ. ಅನ್ನನಾಳದ ಕೆಳಗಿನ ಬಾಯನ್ನು ಸಡಿಲಿಸುವ ಗರ್ಭಕಾಲದ ರಸಗಳೇ ಶಿಶುವಿನ ಕೂದಲನ್ನೂ ಬೆಳೆಸುತ್ತಿರಬಹುದೆಂದು ಅವರು ಊಹಿಸಿದರು. ಕಾರಣವನ್ನು ಹೇಳುವುದರಲ್ಲಿ ಮುದುಕಿಯರು ತಪ್ಪಿದರು. ಕಂಡುದನ್ನು ಹೇಳುವುದರಲ್ಲಿ ತಪ್ಪಲಿಲ್ಲ. ನನ್ನ ಮೊಮ್ಮಗಳಂತೂ ಹುಟ್ಟುವಾಗಲೇ ಕಿವಿ ಮುಚ್ಚುವಷ್ಟು ಕೂದಲು ಹೊತ್ತು ಬಂದಳು. ಅಕ್ಕ ನನ್ನ ಮುಖವನ್ನು ನೋಡಿದ ರೀತಿಯನ್ನು ವರ್ಣಿಸಲಾರೆನು.

ಮಗುವಿಗೆ ಮೂರು ತಿಂಗಳಾಗಿ ಮಾರ್ಗಶಿರದ ಚಳಿ ಹಿಡಿದಾಗ ಮಗಳ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಮುಷ್ಟಿ ತುಂಬ. ದಿಂಬಿನ ಮೇಲೆ, ತಟ್ಟೆಯ ಅನ್ನದಲ್ಲಿ, ಮಗುವಿನ ಮುಷ್ಟಿಯಲ್ಲಿ. ಬಸುರಿನಲ್ಲಿ ಎಂದೂ ಇಲ್ಲದಷ್ಟು ದಟ್ಟವಾಗಿದ್ದ ಜಡೆ ಬೆರಳಿನ ಗಾತ್ರಕ್ಕೆ ಇಳಿಯಿತು. “ಮಗು ಕಿಲಕಿಲ ನಕ್ಕರೆ ತಾಯಿಯ ಕೂದಲು ಉದುರುತ್ತದೆ” ಎಂದರು ಅಕ್ಕ. ಅದನ್ನು ಕೇಳಿ ಮಗಳು ಅತ್ತಳು. ಮಗು ನಕ್ಕಾಗ ಮುಖ ತಿರುಗಿಸಿಕೊಳ್ಳುವುದನ್ನು ಒಂದೆರಡು ಬಾರಿ ನಾನೇ ಕಂಡೆನು. ಇದು ನನಗೆ ಕೂದಲಿಗಿಂತ ದೊಡ್ಡ ಚಿಂತೆಯಾಯಿತು.

ಆದುದರಿಂದ ಅವಳನ್ನು ಕೂರಿಸಿ, ಶಾಲೆಯ ಹುಡುಗಿಗೆ ಹೇಳುವಂತೆ ಹೇಳಿದೆನು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ ಕೆಲವು ವರ್ಷ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ, ಉದುರುವುದು. ಎಲ್ಲರಿಗೂ ದಿನಕ್ಕೆ 50ರಿಂದ 100 ಉದುರುವುದು ಸಹಜ. ಗರ್ಭಕಾಲದಲ್ಲಿ ಈಸ್ಟ್ರೋಜೆನ್ ಎಂಬ ರಸವು ಹೆಚ್ಚುವುದರಿಂದ, ಉದುರಬೇಕಾದವುಗಳು ಉದುರದೆ ನಿಲ್ಲುತ್ತವೆ. ಹೆರಿಗೆಯಾದೊಡನೆ ಆ ರಸವು ಇಳಿಯಲು, ತಡೆದು ನಿಂತವುಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ತಿಂಗಳಿಂದ ನಾಲ್ಕು ತಿಂಗಳೊಳಗೆ ಒಟ್ಟಿಗೆ ಉದುರುತ್ತವೆ. ಮಗು ಗಟ್ಟಿಯಾಗಿ ನಗಲು ಕಲಿಯುವುದೂ ಸರಿಸುಮಾರು ಅದೇ ಕಾಲ. ಮುದುಕಿಯರು ಎರಡನ್ನೂ ಕಂಡು ಗಂಟು ಹಾಕಿದರು. ಮಗು ನಗದೆ ಇದ್ದರೂ ಕೂದಲು ಉದುರುತ್ತಿತ್ತು. ಬುಡ ಸತ್ತಿಲ್ಲ, ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುಮಂದಿಗೆ ಮೊದಲಿನಂತಾಗುವುದು. ಇದಕ್ಕೆ ಮದ್ದೂ ಬೇಡ, ಜಾಹೀರಾತಿನ ಎಣ್ಣೆಯೂ ಬೇಡ. ಜಡೆಯನ್ನು ಬಿಗಿಯಾಗಿ ಎಳೆದು ಕಟ್ಟದಿದ್ದರೆ ಸಾಕು. ಎಲ್ಲವನ್ನೂ ಕೇಳಿದ ಮಗಳು, “ಅಪ್ಪಾ, ಇದನ್ನು ಮೊದಲೇ ಯಾರೂ ಹೇಳುವುದಿಲ್ಲವೇಕೆ?” ಎಂದಳು. ಅಂದಿನಿಂದ ಮಗುವನ್ನು ನಗಿಸುವ ಕೆಲಸ ಮತ್ತೆ ಅವಳದಾಯಿತು.

ವರ್ಷ ತುಂಬಿದರೂ ನಿಲ್ಲದಿದ್ದರೆ, ಅಥವಾ ಆಯಾಸ, ಎದೆಬಡಿತ, ಮೈಯೂತಗಳು ಜೊತೆಗಿದ್ದರೆ, ಥೈರಾಯ್ಡ್ ಗ್ರಂಥಿಯನ್ನೂ ರಕ್ತದ ಕಬ್ಬಿಣವನ್ನೂ ಪರೀಕ್ಷಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತು. ಸರಕಾರೀ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಕಾಲದಲ್ಲಿ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ ನುಂಗಬೇಕು. ನಮ್ಮೂರಿನವರಿಗೆ ವಿಶೇಷವಾಗಿ ಹೇಳಬೇಕಾದುದು: ಆ ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗಿದರೆ ಕಬ್ಬಿಣದ ಬಹುಭಾಗ ಮೈಗೆ ಹತ್ತುವುದಿಲ್ಲ. ಕಾಫಿಗೂ ಮಾತ್ರೆಗೂ ಒಂದು ಗಂಟೆಯ ಅಂತರವಾದರೂ ಇರಲಿ. ನಿಂಬೆಯ ಪಾನಕದೊಡನೆ ನುಂಗಿದರೆ ಉತ್ತಮ. ಕಾಫಿಯ ನಾಡಿನಲ್ಲಿ ಇದನ್ನು ಹೇಳುವುದು ಧೈರ್ಯದ ಕೆಲಸವೆಂದು ಬಲ್ಲೆನು.

ಉದುರಿದ ಕೂದಲಿನಿಂದ ತಾಯಿಗೆ ಕೇಡಿಲ್ಲ, ಮಗುವಿಗೆ ಉಂಟು. ತಾಯಿಯ ಕೂದಲು ಅತ್ಯಧಿಕವಾಗಿ ಉದುರುವ ಈ ತಿಂಗಳುಗಳಲ್ಲಿಯೇ, ಅದರ ಒಂದೆಳೆ ಕಾಲುಚೀಲದೊಳಗೋ ಹೊದಿಕೆಯಲ್ಲಿಯೋ ಸೇರಿ, ಶಿಶುವಿನ ಕಾಲ್ಬೆರಳಿಗೆ ಸುತ್ತಿಕೊಳ್ಳುವುದು. ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಕುಗ್ಗಿ, ಅದು ದಾರದಂತೆ ಬಿಗಿಯುವುದು. ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗುವುದು. ಬಿಡಿಸದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುವುದು. ಎಳೆಯು ಊತದಲ್ಲಿ ಹೂತು ಕಣ್ಣಿಗೆ ಕಾಣದಿರುವುದರಿಂದ, ಮಗು ಅಳುವುದು ಹೊಟ್ಟೆನೋವಿನಿಂದಲೆಂದು ಓಮಿನ ನೀರು ಕುಡಿಸುತ್ತ ಕೂರುವರು. ಎತ್ತಿಕೊಂಡರೂ, ಹಾಲೂಡಿಸಿದರೂ ಅಳು ನಿಲ್ಲದ ಶಿಶುವಿನ ಕಾಲುಚೀಲ ಕೈಚೀಲಗಳನ್ನು ಬಿಚ್ಚಿ, ಹತ್ತೂ ಹತ್ತೂ ಬೆರಳುಗಳನ್ನು ಬಿಡಿಸಿ, ಗಂಡು ಮಗುವಾದರೆ ಗುಹ್ಯಭಾಗವನ್ನೂ ಬೆಳಕಿನಲ್ಲಿ ನೋಡಬೇಕು. ಎಳೆ ಕಂಡು ಸುಲಭವಾಗಿ ಬಿಡಿಸಲು ಬಂದರೆ ಬಿಡಿಸಿರಿ. ಬೆರಳು ಊದಿದ್ದರೆ ಬ್ಲೇಡು ಕತ್ತರಿಗಳನ್ನು ಹಿಡಿಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ಚೀಲಗಳನ್ನು ಒಗೆಯುವಾಗಲೂ ತೊಡಿಸುವಾಗಲೂ ಒಳಮಗ್ಗಲನ್ನು ಹೊರಗೆ ಮಾಡಿ ನೋಡುವುದು ನಮ್ಮ ಮನೆಯಲ್ಲಿ ಅಕ್ಕನ ಪಾಲಿಗೆ ಬಂದ ಕೆಲಸ. ಕನ್ನಡಕವಿಲ್ಲದೆ ಅವರಿಗೆ ಎಳೆ ಕಾಣದು. ಅದಕ್ಕಾಗಿ ಬೆರಳಿನಿಂದಲೇ ಸವರಿ ನೋಡುವರು. ಹೀಗೆ ಎರಡು ಸಲ ಸಿಕ್ಕಿದೆ, ಎರಡೂ ತಾಮ್ರದ ಬಣ್ಣದವು.